ಕೌದಿಯ ಹೊಲಿಗೆ: ಒಕ್ಕಲುತನದ ಮನೆಯ ಬಿಡುವಿನ ಸುಖ

ಒಕ್ಕಲುತನದ ಮನೆಯಲ್ಲಿ ಹಳೆಯದೆಂದು ಎಸೆಯತಕ್ಕ ವಸ್ತು ಬಹಳವಿಲ್ಲ. ದನಗಳ ಸಗಣಿ ತಿಪ್ಪೆಗೆ ಸೇರಿ ಗೊಬ್ಬರವಾಗುವದು. ಜೋಳದ ದಂಟು ಕಣಿಕೆಯಾಗಿ ದನಗಳ ಹೊಟ್ಟೆಯನ್ನು ತುಂಬುವದು. ಒಲೆಯ ಬೂದಿಯು ಕಾಯಿಪಲ್ಲೆಯ ಮಡಿಗೆ ಬೀಳುವದು. ಅದೇ ನ್ಯಾಯದಿಂದ ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವೆಲ್ಲವೂ ಒಂದು ದಿನ ಕೌದಿಯಾಗಿ ಮನೆಯವರ ಮೈಮೇಲೆ ಮರಳಿ ಬರುವವು. ತಿಪ್ಪೆಯ ವಿಷಯದಲ್ಲಿ ಊರ ಹಿರಿಯರೂ ಜಮೀನುದಾರರೂ ಲಕ್ಷ್ಯಗೊಡುತ್ತಾರೆ; ಕೌದಿಯ ಗಂಟಿನ ಕಡೆಗೆ ಮಾತ್ರ ಅವರ ದೃಷ್ಟಿ ಹೋಗುವದು ಕಡಿಮೆ. ಅದು ಹೆಂಗಸರ ಕೆಲಸವೆಂದು ಬಿಟ್ಟುಬಿಡುವದು ರೂಢಿ. ಆದರೆ ಈ ಕೆಲಸವು ಊರಿನ ಸುಖಕ್ಕೂ ಒಕ್ಕಟ್ಟಿಗೂ ಎಷ್ಟು ಸಂಬಂಧಪಟ್ಟದ್ದೆಂಬುದನ್ನು ಅವರು ಒಮ್ಮೆ ವಿಚಾರಿಸಿ ನೋಡುವದು ಉಚಿತವಾಗಿದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹಾದಿಯಲ್ಲಿ ಶಹರದ ಅಂಚಿಗೆ ಉದ್ಯಮಬಾಗವಿದೆ. ಎರಕ ಹೊಯ್ಯುವ, ಯಂತ್ರದ ಬಿಡಿಭಾಗಗಳನ್ನು ಮಾಡುವ ಕಾರಖಾನೆಗಳ ಸ್ಥಳವದು. ಅಲ್ಲಿಯ ಹಳೆಯ ಅರಿವೆಗೆ ಸಾಮಾನ್ಯವಾಗಿ ಒಂದೇ ಗತಿ: ಯಂತ್ರದ ಎಣ್ಣೆಯನ್ನು ಒರಸಿ ಮೂಲೆಗೆ ಬೀಳುವದು. ಅದೇ ಹಾದಿಯಲ್ಲಿ ಪೀರನವಾಡಿ, ಮಚ್ಚೆಗಳನ್ನು ದಾಟಿ ಮುಂದೆ ಸಾಗಿದರೆ ಭತ್ತದ ಗದ್ದೆಗಳೂ, ಅವುಗಳ ಹಿಂದೆ ಅಡವಿಯೂ ಕಾಣುವವು. ಮಲಪ್ರಭೆಯು ಹುಟ್ಟುವ ಕಣಕುಂಬಿಯು ಖಾನಾಪುರ ತಾಲೂಕಿನದೇ. ಅಲ್ಲಿ ಮಳೆಗಾಲವು ಬಲು ದೀರ್ಘ. ಗೋಡೆ ನೆಲಗಳೆಲ್ಲ ತಂಪೇರುವವು. ಅಂಥ ರಾತ್ರಿಗಳಲ್ಲಿ ಹಾಸಲಿಕ್ಕೂ ಹೊದೆಯಲಿಕ್ಕೂ ಕೌದಿಯೇ ಆಧಾರ. ಈ ಸೀಮೆಯ ಮರಾಠಿ ಮಾತನಾಡುವ ಮನೆಗಳಲ್ಲಿ ಇದಕ್ಕೆ ವಾಕಳ ಇಲ್ಲವೆ ಗೋಧಡಿ ಎನ್ನುವರು. ಹೆಸರು ಬೇರೆಯಾದರೂ ಸೂಜಿ ನಡೆಯುವ ರೀತಿ ಒಂದೇ. ಬಂಗಾಲದ ಕಾಂಥಾ ಎಂಬ ಹೊದಿಕೆಯೂ ಇದೇ ಕುಲಕ್ಕೆ ಸೇರಿದ್ದು.

ಭತ್ತದ ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ, ಮುಂಗಾರಿಯ ಮೋಡ ಕಟ್ಟುವವರೆಗೆ, ಕೌದಿಗೆ ತಕ್ಕ ಕಾಲ. ಬಿಸಿಲು ಬಲವಾಗಿದ್ದು ಅರಿವೆ ಚೆನ್ನಾಗಿ ಒಣಗುವದು. ಮಧ್ಯಾಹ್ನದ ಊಟವಾದ ಮೇಲೆ ಹೆಣ್ಣುಮಕ್ಕಳಿಗೆ ಎರಡು ತಾಸು ಬಿಡುವು ಸಿಕ್ಕುವದು. ಕೆಲಸದ ಕ್ರಮವು ಹೀಗೆ. ಮೊದಲು ಹಳೆಯ ಅರಿವೆಗಳನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು. ಹತ್ತಿಯ ಅರಿವೆಯನ್ನೇ ಆರಿಸತಕ್ಕದ್ದು. ಅದು ಬೆವರನ್ನು ಹೀರುವದು, ಸೂಜಿಗೆ ಮೆತ್ತಗೆ ಬಗ್ಗುವದು. ಗುಂಡಿ, ದಪ್ಪನ್ನ ಅಂಚು, ತೀರ ಜೀರ್ಣವಾದ ಭಾಗ ಇವನ್ನು ಕತ್ತರಿಸಿ ತೆಗೆಯಬೇಕು. ಅನಂತರ ಒಂದು ಗಟ್ಟಿ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ನಾಲ್ಕಾರು ಪದರು ಅರಿವೆಯನ್ನು ಹರಡಿ, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುವರು. ಪದರು ಸರಿಯದಂತೆ ಅಲ್ಲಲ್ಲಿ ಉದ್ದುದ್ದ ಟಾಕೆ ಹಾಕಿಕೊಂಡು, ಆಮೇಲೆ ಒತ್ತೊತ್ತಾಗಿ ಸಾಲು ಹಿಡಿದು ಸಾದಾ ಹೊಲಿಗೆಯನ್ನು ನಡಿಸುವರು. ಪದರುಗಳ ನಡುವೆ ಸಿಕ್ಕ ಗಾಳಿಯೇ ಮೈಯ ಶಾಖವನ್ನು ಹಿಡಿದಿಡುವದರಿಂದ ಕೌದಿಯು ಬೆಚ್ಚಗಿರುತ್ತದೆ. ಒತ್ತಾದ ಹೊಲಿಗೆಯು ಎಳೆತದ ಭಾರವನ್ನು ಎಲ್ಲ ಕಡೆಗೂ ಹಂಚುವದರಿಂದ, ಒಂಟಿಯಾಗಿದ್ದರೆ ಚಿಂದಿಯಾಗಬಹುದಾದ ಅರಿವೆಗಳು ಕೂಡಿ ವರ್ಷಗಟ್ಟಲೆ ಬಾಳುತ್ತವೆ.

ಇದರಲ್ಲಿಯ ಶ್ರಮವನ್ನು ಲೆಕ್ಕದಿಂದಲೂ ತಿಳಿಯಬಹುದು. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಒಂದು ಕೌದಿಗೆ ಅರ್ಧ ಅಂಗುಲಕ್ಕೊಂದರಂತೆ ಸಾಲು ಹಾಕಿದರೆ 108 ಸಾಲುಗಳಾಗುವವು. ಅವೆಲ್ಲವುಗಳ ಉದ್ದ ಕೂಡಿ 648 ಅಡಿ. ಅಂಗುಲಕ್ಕೆ ಮೂರು ಹೊಲಿಗೆ ಹಿಡಿದರೆ ಒಟ್ಟು ಹೊಲಿಗೆಗಳು 23,328! ಒಬ್ಬಳೇ ಕುಳಿತರೆ ಇದು ಬೇಸರದ ದುಡಿಮೆ. ನಾಲ್ವರು ಸುತ್ತಲೂ ಕುಳಿತರೆ ಒಬ್ಬೊಬ್ಬಳ ಪಾಲಿಗೆ ಆರು ಸಾವಿರಕ್ಕೂ ಕಡಿಮೆ ಹೊಲಿಗೆಗಳು ಬರುವವು, ಮತ್ತು ಅವು ಮಾತಿನಲ್ಲಿಯೇ ಮುಗಿದುಹೋಗುವವು. ಕೌದಿಯು ಕೂಡಿ ಮಾಡುವ ಹವ್ಯಾಸವಾಗಿ ಬೆಳೆದದ್ದಕ್ಕೆ ಇದೇ ಕಾರಣ.

ಆ ಮಾತಿನ ಬೆಲೆಯೂ ಸಣ್ಣದಲ್ಲ. "ಅಜ್ಜೀ, ಈ ಹಸರ ತುಂಡು ಯಾರ ಸೀರೀದು?" ಎಂದು ಹುಡುಗಿ ಕೇಳಿದರೆ, "ನಿಮ್ಮವ್ವ ಮದಿವ್ಯಾಗಿ ಈ ಮನಿಗೆ ಬಂದಾಗ ಉಟ್ಟಿದ್ಲಲ್ಲವಾ, ಅದ ಸೀರೀದು. ಸೆರಗ ಹರದೋತು, ಬಣ್ಣ ಹಂಗ ಐತಿ ನೋಡು" ಎಂಬ ಉತ್ತರ ಬರುವದು. ಹೀಗೆ ಒಂದೊಂದು ತುಂಡಿನೊಡನೆ ಮನೆತನದ ಒಂದೊಂದು ಸಂಗತಿಯು ಕಿರಿಯರಿಗೆ ದಾಟುವದು. ತೊಟ್ಟಿಲ ಕೂಸಿಗಾಗಿ ಸಣ್ಣ ಕೌದಿ ಹೊಲಿಯುವಾಗ ಅಜ್ಜಿಯರ ಸೀರೆಯ ತುಂಡನ್ನು ಹುಡುಕಿ ತೆಗೆಯುವದೂ ಇದಕ್ಕಾಗಿಯೇ. ನೂರಾರು ಸಲ ಒಗೆದು ಮೆತ್ತಗಾದ ಆ ಅರಿವೆಯು ಕೂಸಿನ ಎಳೆಯ ಮೈಗೆ ಹಿತವಾಗುವದೆಂಬುದು ಅನುಭವದ ಮಾತು. ಹೊಲಿಯುವವರ ಸುತ್ತಿನಲ್ಲಿ ಹಿರಿತನವು ಜಮೀನಿನಿಂದ ಬರುವದಿಲ್ಲ. ಗೌಡರ ಮನೆಯ ಸೊಸೆಯೂ ಕೂಲಿಯ ಮನೆಯ ಮುದುಕಿಯೂ ಒಂದೇ ಕೌದಿಗೆ ಕುಳಿತರೆ, ಕೈ ಪಳಗಿದವಳೇ ಅಲ್ಲಿ ಹಿರಿಯಳು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿಯೂ, ಖಾನಾಪುರದ ಅಡವಿಯ ಬದಿಯ ಕೆಲವು ಊರುಗಳಲ್ಲಿಯೂ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕ ಖಂಡದವರು. ಬಹುಮಂದಿ ಪೋರ್ತುಗೀಜರ ಕಾಲದಲ್ಲಿ ಗೋವೆಗೆ ಆಳುಗಳಾಗಿ ತರಲ್ಪಟ್ಟು, ಅಲ್ಲಿಂದ ಬಿಡಿಸಿಕೊಂಡು ಘಟ್ಟದ ಅಡವಿಗಳನ್ನು ಸೇರಿದವರು. ಇವರ ಹೆಣ್ಣುಮಕ್ಕಳ ಕೌದಿಯು ಅಂದಕ್ಕೆ ಹೆಸರಾಗಿದೆ. ಅವರು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ನಾಲ್ಕು ಮೂಲೆಗಳಿಗೆ ಮಡಿಸಿದ ಮುಮ್ಮೂಲೆಯ ತುಂಡುಗಳನ್ನು ಹೂವಿನಂತೆ ಕೂಡಿಸದೆ ಕೌದಿಯು ಪೂರ್ತಿಯಾಯಿತೆಂದು ಅವರು ಒಪ್ಪುವದಿಲ್ಲ. 2004ರಲ್ಲಿ ಅಮೇರಿಕದ ಹೆನ್ರಿ ಜಾನ್ ಡ್ರೂಯಲ್ ಎಂಬ ಕಲಾಪಂಡಿತರ ನೆರವಿನಿಂದ ಸಿದ್ದಿ ಹೆಣ್ಣುಮಕ್ಕಳ ಕೌದಿಯ ಸಹಕಾರಿ ಕೂಟವು ಏರ್ಪಟ್ಟಿತು. 2011ರಲ್ಲಿ ನ್ಯೂಯಾರ್ಕ ನಗರದ ಶೋಂಬರ್ಗ ಕೇಂದ್ರದಲ್ಲಿ ಇವರ ಕೌದಿಗಳ ಪ್ರದರ್ಶನವೂ ಆಯಿತು. ಮನೆಯ ಮಕ್ಕಳನ್ನು ಬೆಚ್ಚಗಿಡಲು ಹೊಲಿದ ವಸ್ತುವು ಸಮುದ್ರದಾಚೆ ಗೋಡೆಯ ಮೇಲೆ ಮಾನದಿಂದ ತೂಗಿತು. ಹತ್ತಿರದವರ ಕಣ್ಣಿಗೆ ಮಾತ್ರ ಅದು ಇನ್ನೂ ಹಳೆಯ ಅರಿವೆಯಾಗಿಯೇ ಉಳಿದಿದ್ದರೆ ಅದು ವಿಚಾರಾರ್ಹ ಸಂಗತಿಯು.

ಇಲ್ಲಿ ಒಂದು ಆಕ್ಷೇಪಣೆ ಬರುವದು ಸಹಜ. ಪೇಟೆಯಲ್ಲಿ ಗಿರಣಿಯ ಚಾದರ ಸುಲಭ ಬೆಲೆಗೆ ಸಿಕ್ಕುತ್ತಿರುವಾಗ, ವಾರಗಟ್ಟಲೆ ಕುಳಿತು ಕೌದಿ ಹೊಲಿಯುವದೇಕೆ? ದಿನಗೂಲಿಯ ದರದಿಂದ ತಾಸುಗಳನ್ನು ಎಣಿಸಿದರೆ ಕೌದಿಯು ನಷ್ಟದ ಬಾಬೆಂಬುದು ನಿಜ. ಈ ಲೆಕ್ಕವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಅರ್ಧ ಲೆಕ್ಕ. ಚಾದರವನ್ನು ಕೊಂಡ ಮನೆಗೆ ಹೊದಿಕೆ ದೊರೆಯಿತು, ನಾಲ್ಕು ಮನೆಯವರು ಕೂಡಿ ಕುಳಿತ ಮಧ್ಯಾಹ್ನ ದೊರೆಯಲಿಲ್ಲ. ಮಗನು ಉದ್ಯಮಬಾಗದ ಕೆಲಸಕ್ಕೆ, ಸೊಸೆ ಹೊಲಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮನೆಯಲ್ಲಿ ಮುದುಕಿಯೊಬ್ಬಳು ಗೋಡೆ ನೋಡುತ್ತ ಕೂಡ್ರುವದಕ್ಕಿಂತ, ನೆರೆಯವರೊಡನೆ ಸೂಜಿ ಹಿಡಿದು ಕುಳಿತರೆ ಆಕೆಗೆ ದಿನವೂ ಹೋಗುವದು, ಮಾನವೂ ಉಳಿಯುವದು. ಪುಸ್ತಕ ನೋಡಿ ಕೌದಿ ಕಲಿತವರು ವಿರಳ. ಈ ವಿದ್ಯೆಯು ಪಕ್ಕದಲ್ಲಿ ಕುಳಿತೇ ಕೈಯಿಂದ ಕೈಗೆ ಬಂದದ್ದು. ಬಲ್ಲ ಮುದುಕಿಯರು ಇರುವಾಗಲೇ ಕಿರಿಯರು ಕೂಡ್ರದೆ ಹೋದರೆ, ಆಮೇಲೆ ಯಾವ ಬೆಲೆ ಕೊಟ್ಟರೂ ಅದು ತಿರುಗಿ ಬರಲಾರದು.

ಆದುದರಿಂದ ಊರ ಮುಖಂಡರೂ ಜಮೀನುದಾರರೂ ಈ ಕೆಳಗಿನ ಸುಲಭ ಅನುಕೂಲತೆಗಳನ್ನು ಮಾಡಿಕೊಡಬಹುದು. ಮೊದಲನೆಯದು ಸ್ಥಳ. ಸುಗ್ಗಿಯ ತರುವಾಯ ಬರಿದಾಗುವ ಪಡಸಾಲೆಯನ್ನಾಗಲಿ, ಊರ ಸಮುದಾಯ ಭವನವನ್ನಾಗಲಿ ಮಧ್ಯಾಹ್ನದ ಹೊತ್ತು ಹೆಣ್ಣುಮಕ್ಕಳಿಗೆ ಬಿಟ್ಟುಕೊಡಬೇಕು. ಕೌದಿಗೆ ಬೆಳಕೂ ಚೊಕ್ಕ ನೆಲವೂ ಸಾಕು, ಬೇರೆ ಸಲಕರಣೆ ಬೇಡ. ಎರಡನೆಯದು ಸಾಮಗ್ರಿ. ಅನುಕೂಲವಂತರ ಮನೆಯಲ್ಲಿ ಪೆಟ್ಟಿಗೆಯಲ್ಲಿ ಕೊಳೆಯುವ ಹತ್ತಿಯ ಸೀರೆ, ಧೋತರಗಳನ್ನು ಒಗೆಯಿಸಿ ಆ ಕೂಟಕ್ಕೆ ಒಪ್ಪಿಸಬೇಕು. ಮೂರನೆಯದು ಕೂಲಿ. ಗೊಂದಳಿ ಸಮಾಜದ ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದುಕೊಡುವ ಪದ್ಧತಿ ಈ ಭಾಗದಲ್ಲಿದೆ. ಅವರಿಂದಾಗಲಿ, ಊರ ಬಡ ಹೆಂಗಸರಿಂದಾಗಲಿ ಕೌದಿ ಹೊಲಿಸಿಕೊಂಡಲ್ಲಿ, ಮೇಲೆ ಹೇಳಿದ ಹೊಲಿಗೆಗಳ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟು ಕೂಲಿಯನ್ನು ಕೊಡಬೇಕು. ತನ್ನ ಸಂತೋಷಕ್ಕಾಗಿ ಹೊಲಿಯುವದು ಬೇರೆ, ಮತ್ತೊಬ್ಬರಿಗಾಗಿ ಹೊಲಿಯುವದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದರ ಕೂಲಿಯನ್ನು ಇಳಿಸುವದು ನ್ಯಾಯವಲ್ಲ. ನಾಲ್ಕನೆಯದು ಕಾಪಾಡುವಿಕೆ. ಮಳೆಗಾಲದಲ್ಲಿ ಹೊಳವಾದಾಗಲೆಲ್ಲ ಕೌದಿಗಳನ್ನು ಬಿಸಿಲಿಗೆ ಹಾಕುವದಕ್ಕೆ ಮನೆಯ ಗಂಡಸರೂ ಕೈಗೂಡಿಸಬೇಕು. ಏಕೆಂದರೆ ತೊಯ್ದ ಕೌದಿಯ ಭಾರವು ಒಬ್ಬ ಹೆಂಗಸಿಗೆ ಮೀರಿದ್ದು.

ಈ ಅನುಕೂಲತೆಗಳಿಗೆ ಸರಕಾರದ ಹಣ ಬೇಕಿಲ್ಲ, ಅರ್ಜಿ ಬೇಕಿಲ್ಲ. ಬರುವ ಸುಗ್ಗಿ ಮುಗಿದೊಡನೆ ಯಾವನೊಬ್ಬ ಜಮೀನುದಾರನು ತನ್ನ ಪಡಸಾಲೆಯ ಚೀಲಗಳನ್ನು ಒಂದು ಬದಿಗೆ ಸರಿಸಿ, ನೆಲ ಸಾರಿಸಿ, ನೆರೆಯ ನಾಲ್ಕು ಮನೆಗೆ ಹೇಳಿ ಕಳುಹಿಸಿದರೆ ಕೆಲಸ ಆರಂಭವಾಗುವದು. ಮುಂಗಾರಿಯ ಮೊದಲ ಮಳೆ ಬೀಳುವ ಹೊತ್ತಿಗೆ ಕೆಲವು ಮನೆಗಳಲ್ಲಾದರೂ ಹೊಸ ಕೌದಿ ಇರುವದು. ಅದನ್ನು ಹೊಲಿದ ಸುತ್ತಿನಲ್ಲಿ ಸೂಜಿ ಹಿಡಿಯಲು ಕಲಿತ ಒಬ್ಬಿಬ್ಬರು ಹುಡುಗಿಯರೂ ಊರಲ್ಲಿರುವರು.