ಹಳೇ ಮನೆ ಕೆಡವೋ ಮುನ್ನ ವಠಾರದ ಲೆಕ್ಕ ಹಾಕಿ

ಬೆಂಗಳೂರಿನ ರಾಜಾಜಿನಗರ, ಜಯನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಎಲ್ಲೋ ಒಂದು ಕಡೆ ಹಳೇ ಮನೆ ನೆಲಸಮ ಆಗ್ತಿರುತ್ತೆ. ತೇಗದ ಬಾಗಿಲು, ಕಿಟಕಿ ಸರಳು, ಒಡೆದ ಗೋಡೆ ಎಲ್ಲವೂ ಲಾರಿ ಹತ್ತುತ್ತವೆ. ವರ್ಷ ಕಳೆಯುವುದರೊಳಗೆ ಅದೇ 30×40 ಸೈಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರ್ನಾಲ್ಕು ಅಂತಸ್ತು. ಬಾಡಿಗೆ ಮಾತ್ರ ಈಗಷ್ಟೇ ಕೆಲಸಕ್ಕೆ ಸೇರಿದವರ ಕೈಗೆ ಎಟುಕೋದಿಲ್ಲ. ಅವರು ಊರ ಹೊರಗೆ ಮನೆ ಹುಡುಕಿ, ದಿನಾ ಟ್ರಾಫಿಕ್‌ನಲ್ಲಿ ಕೂರಬೇಕು.

ಇನ್ನು ಕೆಲವೇ ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಅಪ್ಪ ಅಮ್ಮನ ಜೊತೆ ಕೂತು ಇದೇ ನಿರ್ಧಾರ ಮಾಡಬೇಕಾಗುತ್ತೆ: ಕೆಡವೋದಾ, ಉಳಿಸಿಕೊಳ್ಳೋದಾ? ಇದಕ್ಕೆ ಒಂದು ಉತ್ತರ ನಮ್ಮೂರಲ್ಲೇ ಇದೆ. ಅದರ ಹೆಸರು ವಠಾರ.

ಅಂಗಳ ಒಂದು, ಮನೆ ಹಲವು

1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿಗೆ ಹೆದರಿದ ಜನ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳ ಕಡೆ ಹೊರಟರು. ಅಲ್ಲೂ ಎಲ್ಲರಿಗೂ ಬಂಗಲೆ ಸಿಗಲಿಲ್ಲ. ಗುಮಾಸ್ತರು, ಮೇಷ್ಟ್ರುಗಳು ವಠಾರದಲ್ಲಿ ಸಂಸಾರ ಹೂಡಿದರು. ಒಂದು ಅಂಗಳ, ಒಂದು ಬಾವಿ ಇಲ್ಲವೇ ನಲ್ಲಿ, ಪಕ್ಕಪಕ್ಕದಲ್ಲಿ ಎರಡು ಕೋಣೆಯ ಮನೆಗಳು. ಎರಡು ಮನೆಗೆ ಒಂದೇ ಗೋಡೆಯಾದ್ದರಿಂದ ಖರ್ಚು ಕಡಿಮೆ, ಬಿಸಿಲು ತಾಗುವ ಗೋಡೆಯೂ ಕಡಿಮೆ. ಗಾಳಿ ಬೆಳಕು ಅಂಗಳದಿಂದ ಬರುತ್ತಿತ್ತು.

ವಠಾರದಲ್ಲಿ ಗುಟ್ಟು ನಿಲ್ಲೋದಿಲ್ಲ, ಬೆಳಗ್ಗೆ ಶೌಚಾಲಯಕ್ಕೆ ಸಾಲು ನಿಲ್ಲಬೇಕು ಅನ್ನೋದೂ ನಿಜ. ಅದು ನಮಗೆ ಬೇಡ. ಮನೆಗೊಂದು ಬಚ್ಚಲು, ಶೌಚಾಲಯ ಇರಲಿ. ಅಂಗಳ, ಮೆಟ್ಟಿಲು, ಸಂಪು, ವಾಷಿಂಗ್ ಮೆಷಿನ್ ಇಡುವ ಜಾಗ ಮಾತ್ರ ಎಲ್ಲರಿಗೂ ಸೇರಿ ಒಂದೇ ಇದ್ದರೆ ಸಾಕು.

ಹಳೇ ಮನೆಗಳಿಗೆ ಹೆಚ್ಚಾಗಿ ಕಲ್ಲಿನ ಪಾಯ, ಒಂಬತ್ತು ಇಂಚಿನ ಗೋಡೆ ಇರುತ್ತವೆ. ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸಿ ಸರಿ ಎಂದರೆ, ಕೆಳಮನೆ ಹಾಗೇ ಇಟ್ಟು ಮೇಲೆ ಹಗುರ ಚಾವಣಿಯ ಎರಡು ಪುಟ್ಟ ಮನೆ ಕಟ್ಟಬಹುದು. ಬರೀ ಮೇಸ್ತ್ರಿ ಮಾತು ನಂಬಿ ಹೊರೆ ಏರಿಸಬೇಡಿ. ಪಾರ್ಕಿಂಗ್ ಲೆಕ್ಕವನ್ನೂ ನೋಡಿ: ಒಂದು ಕಾರಿಗೆ ಸುಮಾರು 135 ಚದರ ಅಡಿ ಬೇಕು. ಅಷ್ಟರಲ್ಲಿ ಒಂದು ಒಳ್ಳೆಯ ಕೋಣೆ ಆಗುತ್ತೆ. ಈ ಮೂರೂ ಬಡಾವಣೆಗಳಿಗೆ ಮೆಟ್ರೊ ಬಂದಿದೆ. ನಿಯಮಕ್ಕೆ ಬೇಕಾದಷ್ಟು ಪಾರ್ಕಿಂಗ್ ಬಿಟ್ಟು, ಉಳಿದ ಜಾಗ ಮನುಷ್ಯರಿಗಿರಲಿ.

ಸಿಮೆಂಟು ಎಷ್ಟು ಬೇಕೋ ಅಷ್ಟೇ

ಹಸಿರು ಮನೆ ಅಂದರೆ ಸೋಲಾರ್ ಫಲಕ ಅಂತಷ್ಟೇ ಅಂದುಕೊಂಡಿರುತ್ತೇವೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7–8ರಷ್ಟು ಬರೋದು ಸಿಮೆಂಟಿನಿಂದ. ಹಾಗಾಗಿ ಕೆಡವದೇ ಉಳಿಸಿದ ಗೋಡೆಯೇ ಮೊದಲ ಉಳಿತಾಯ.

ಹೊಸದಾಗಿ ಕಟ್ಟುವಲ್ಲೂ ದಾರಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಶುರು ಮಾಡಿದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡೋ ಕೆಲಸವೇ ಇಲ್ಲ. ಮಣ್ಣು ಹೊಂದಿಕೆಯಾದರೆ ಸಂಪು ಅಗೆದ ಮಣ್ಣೇ ಗೋಡೆಯಾಗುತ್ತೆ.

ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ಸ್ಲ್ಯಾಬ್ ಇನ್ನೊಂದು. ಚಾವಣಿಯ ಕೆಳಭಾಗದಲ್ಲಿ ಎಳೆತ ತಡೆಯೋದು ಕಬ್ಬಿಣ. ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗಕ್ಕೆ ಮಂಗಳೂರು ಹೆಂಚು ಇಟ್ಟರೆ ಕಾಂಕ್ರೀಟು ಉಳಿಯುತ್ತೆ, ಸೆಕೆಯೂ ತಗ್ಗುತ್ತೆ. ಹಳೇ ಮನೆ ಮಾಡಿನ ಹೆಂಚನ್ನೇ ಬಳಸಬಹುದು.

ತಾರಸಿ ಮೇಲಿನ ಕಾವೇರಿ

ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲೇರಿ ನಮ್ಮ ನಲ್ಲಿಗೆ ಬರುತ್ತೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಸಾವಿರ ಚದರ ಅಡಿ ತಾರಸಿಗೆ, ಪೋಲಾಗೋದನ್ನು ಕಳೆದರೂ, ಸುಮಾರು 65 ಸಾವಿರ ಲೀಟರ್ ಸಿಗುತ್ತೆ. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ವರಿಗೆ ನಾಲ್ಕು ತಿಂಗಳ ನೀರು. ಬಳಕೆ ತಗ್ಗಿಸಿದರೆ ಇನ್ನೂ ಹೆಚ್ಚು ದಿನ. ವಿಜಯನಗರದಲ್ಲಿ ಮಳೆನೀರು ತಜ್ಞ ಎ.ಆರ್. ಶಿವಕುಮಾರ್ 1990ರ ದಶಕದಲ್ಲಿ ಕಟ್ಟಿಸಿದ ‘ಸೌರಭ’ ನಲ್ಲಿ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲೇ ನಡೆದುಬಂದ ಮನೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಇದರ ಬೆಲೆ ಗೊತ್ತು.

ಪುಟ್ಟ ಮನೆಗಳಿಂದ ಫ್ಲ್ಯಾಟ್ ಮಾರಿದಷ್ಟು ದುಡ್ಡು ಒಂದೇ ಸಲ ಕೈಗೆ ಬರೋದಿಲ್ಲ, ಒಪ್ಪಿಕೊಳ್ಳೋಣ. ಆದರೆ ಸಾಲ ಚಿಕ್ಕದು, ಬಾಡಿಗೆ ತಿಂಗಳು ತಿಂಗಳು ಬರುತ್ತೆ. ಅಪ್ಪ ಅಮ್ಮ ತಮ್ಮ ಬೀದಿಯಲ್ಲೇ ಉಳೀತಾರೆ. ಪಕ್ಕದ ಆಸ್ಪತ್ರೆಯ ನರ್ಸು, ಶಾಲೆಯ ಟೀಚರ್ರು, ಮೊದಲ ಸಂಬಳದ ಎಂಜಿನಿಯರು ಕೆಲಸದ ಹತ್ತಿರವೇ ಮನೆ ಮಾಡಬಹುದು. ಬಿಲ್ಡರ್ ಕೊಟ್ಟ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನೂ ಒಬ್ಬ ಆರ್ಕಿಟೆಕ್ಟನ್ನೂ ಮನೆಗೆ ಕರೆಸಿ. ಇರೋ ಗೋಡೆಗೆ ಇನ್ನೆಷ್ಟು ಆಯಸ್ಸಿದೆ ಅಂತ ಮೊದಲು ಕೇಳಿ.