ಹಳೆಯ ಮೋಟಾರಿನ ಮೂರನೆಯ ತಂತಿ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸಪ್ಪಳವನ್ನು ಕೇಳದವರಿಲ್ಲ. ಅಲ್ಲಿ ಸೀರೆ ನೇಯ್ದು ಹಳತಾದ ಒಂದು ಏಕಫೇಸ್ ಮೋಟಾರು ಮುಧೋಳದ ಮನೆಯೊಂದಕ್ಕೆ ಬಂದಿತೆಂದು ಭಾವಿಸೋಣ. ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಕುಡುಗೋಲಿಗೆ ಸಾಣೆ ಬೇಕೇ ಬೇಕು. ಮೋಟಾರನ್ನು ಹಲಗೆಗೆ ಬಿಗಿದು, ಸಾಣೆಚಕ್ರವನ್ನು ಜೋಡಿಸಿ, ಎರಡು ತಂತಿಗಳನ್ನು ಪ್ಲಗ್ಗಿಗೆ ಕೊಟ್ಟರೆ ಯಂತ್ರವೇನೋ ತಿರುಗುವುದು. ಆದರೆ ಮೂರನೆಯದಾದ ಭೂಸಂಪರ್ಕದ ತಂತಿ ಮಗ್ಗದಲ್ಲಿಯೇ ಉಳಿದುಹೋಯಿತಲ್ಲ!

ಮೋಟಾರಿನೊಳಗಿನ ತಾಮ್ರದ ಸುರುಳಿಗೂ ಹೊರಗಿನ ಕಬ್ಬಿಣದ ಕವಚಕ್ಕೂ ನಡುವೆ ಇರುವುದು ತೆಳುವಾದ ನಿರೋಧಕ ಹೊದಿಕೆ ಮಾತ್ರ. ವರ್ಷಗಳ ಕಾವಿನಿಂದ ಅದು ಸೀಳಬಹುದು. ಸಾಣೆಯಿಂದ ಸಿಡಿದ ಕಬ್ಬಿಣದ ಪುಡಿ ಒಳಹೊಕ್ಕು ವಿದ್ಯುತ್ತಿಗೆ ದಾರಿಮಾಡಿಕೊಡಬಹುದು. ಆಗ ಕವಚವೇ 230 ವೋಲ್ಟುಗಳ ತಂತಿಯಾಗುವುದು. ಮೋಟಾರು ಮಾತ್ರ ಎಂದಿನಂತೆ ತಿರುಗುತ್ತಿರಬಹುದು.

ಫ್ಯೂಸು ಇದೆಯಲ್ಲ ಎಂದು ಕೆಲವರು ಕೇಳಬಹುದು. ಲೆಕ್ಕಮಾಡಿ ನೋಡೋಣ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತವನ ದೇಹದ ರೋಧವು 1,000 ಓಮ್ ಎನ್ನೋಣ. 230ನ್ನು 1,000ದಿಂದ ಭಾಗಿಸಿದರೆ 0.23 ಆಂಪಿಯರ್, ಎಂದರೆ 230 ಮಿಲಿಆಂಪಿಯರ್. ಇದರ ಕೆಲವೇ ಅಂಶದಷ್ಟು ಪ್ರವಾಹವೂ ಎದೆಯ ಮೂಲಕ ಹರಿದರೆ ಹೃದಯದ ಲಯ ಕೆಟ್ಟು ಪ್ರಾಣ ಹೋಗಬಹುದು. 15 ಆಂಪಿಯರಿನ ಫ್ಯೂಸಿಗಾದರೋ ಇದು ಲೆಕ್ಕಕ್ಕೇ ಇಲ್ಲ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಕವಚವನ್ನು ಭೂಮಿಗೆ ಜೋಡಿಸಿ, ಆ ಮಾರ್ಗದ ಒಟ್ಟು ರೋಧ 4 ಓಮ್ ಇದ್ದರೆ 57 ಆಂಪಿಯರಿಗೂ ಹೆಚ್ಚು ಪ್ರವಾಹ ಹರಿದು ಫ್ಯೂಸು ಬೇಗ ಕರಗುವುದು. ಆದರೆ ಬೇಸಗೆಯಲ್ಲಿ ಎರೆ ಭೂಮಿ ಒಣಗಿ ಬಿರಿದಾಗ ರೋಧವು ಏರುವುದು. ಅದು 40 ಓಮ್ ಆದರೆ ಪ್ರವಾಹ 6 ಆಂಪಿಯರಿಗೂ ಕಡಿಮೆ, ಫ್ಯೂಸು ಕರಗದು. ಭೂಸಂಪರ್ಕದ ಗುಂಡಿಗೆ ನೀರು ಹೊಯ್ಯುವುದರ ಮರ್ಮ ಇದೇ.

ಈ ಕೊರತೆಯನ್ನು ತುಂಬುವ ಉಪಕರಣವೇ ಆರ್.ಸಿ.ಸಿ.ಬಿ. ಹೋದ ಪ್ರವಾಹವನ್ನೂ ಮರಳಿದ ಪ್ರವಾಹವನ್ನೂ ಅದು ತೂಗಿ ನೋಡುವುದು. 30 ಮಿಲಿಆಂಪಿಯರಿನ ವ್ಯತ್ಯಾಸ ಕಂಡೊಡನೆ ಸಂಪರ್ಕವನ್ನು ಕಡಿಯುವುದು. ಇದೇ ತತ್ತ್ವದ ಪ್ರಾಣರಕ್ಷಕ ಉಪಕರಣವೊಂದನ್ನು ಅಮೆರಿಕದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ 1961ರಲ್ಲಿ ರೂಪಿಸಿದರು. ಆದರೂ ಇದು ಭೂಸಂಪರ್ಕಕ್ಕೆ ಬದಲಿಯಲ್ಲ, ಜೊತೆಗಾರ.

ಕೆಲವರು ನ್ಯೂಟ್ರಲ್ ತಂತಿಯನ್ನೇ ಕವಚಕ್ಕೆ ಕಟ್ಟುವುದುಂಟು. ಇದು ಘೋರವಾದ ತಪ್ಪು. ಆ ತಂತಿ ಎಲ್ಲಿಯಾದರೂ ತುಂಡಾದರೆ ಇಡೀ ಯಂತ್ರವೇ ವಿದ್ಯುನ್ಮಯವಾಗುವುದು. ಇನ್ನು ಕರೆಂಟು ಹೋಗಿ ಮರಳಿದಾಗ ಯಂತ್ರ ತಾನೇ ತಿರುಗತೊಡಗದಂತೆ ತಕ್ಕ ಸ್ಟಾರ್ಟರ್ ಬೇಕು. ಚಕ್ರಕ್ಕೆ ಗಟ್ಟಿಯಾದ ಮುಚ್ಚಳ ಬೇಕು. ಪ್ಲಗ್ಗು ಕಿತ್ತಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದೆಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳು ಈ ಜೋಡಣೆಗೆ ತಾವೇ ಕೈಹಾಕದೆ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನನ್ನು ಕರೆದು ಮೆಗ್ಗರ್‌ನಿಂದ ಮೋಟಾರನ್ನು ಪರೀಕ್ಷೆಮಾಡಿಸಬೇಕು. ನಿರೋಧವು 1 ಮೆಗಾಓಮಿಗಿಂತ ಕಡಿಮೆಯಿದ್ದರೆ ಆ ಮೋಟಾರು ಮೊದಲು ಹೋಗಬೇಕಾದದ್ದು ಸುರುಳಿ ಸುತ್ತುವವನ ಅಂಗಡಿಗೆ. ಅದು ಸರಿಯಾಗಿ ಮರಳಿ ಬಂದ ಮೇಲೆ, ಮೂರು ತಂತಿಗಳೊಡನೆ, ಕುಡುಗೋಲು ನಿಶ್ಚಿಂತೆಯಾಗಿ ಹರಿತವಾಗಲಿ.