ಹುಲ್ಲುಹಾಸಿನೊಳಗಣ ಕಳೆ

ಮನೆಯ ಮುಂದಣ ಅಂಗಳದಲ್ಲಿ ಹಸುರು ಹಾಸಿರಬೇಕೆಂಬ ಆಸೆಯಿಂದ ಬೆಂಗಳೂರಿನ ಗೃಹಸ್ಥರು ನರ್ಸರಿಯಿಂದ ಹುಲ್ಲಿನ ಸುರುಳಿಗಳನ್ನು ತರಿಸಿ, ಕೆಮ್ಮಣ್ಣಿನ ಮೇಲೆ ಹರಡಿ, ನೀರೆರೆದು ಸಂತೋಷಪಡುತ್ತಾರೆ. ಆದರೆ ಮುಂಗಾರಿನ ಮೊದಲ ಮಳೆಗಳು ಬಿದ್ದ ಕೆಲವೇ ದಿವಸಗಳಲ್ಲಿ, ಆ ಹಾಸನ್ನು ಭೇದಿಸಿಕೊಂಡು, ಸುತ್ತಲಿನ ಹುಲ್ಲಿಗಿಂತ ಬೇಗ ಬೆಳೆಯುವ ನುಣುಪಾದ ನೆಟ್ಟನೆಯ ಎಲೆಗಳು ಅಲ್ಲಲ್ಲಿ ತಲೆಯೆತ್ತುತ್ತವೆ. ಅದು ಕೊನ್ನಾರಿ, ಕೆಲವೆಡೆ ಇದನ್ನೇ ಜೇಕು ಎಂದೂ ತುಂಗೆಹುಲ್ಲು ಎಂದೂ ಕರೆಯುವರು.

ನೋಟಕ್ಕೆ ಹುಲ್ಲಿನಂತಿದ್ದರೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಇದು ಹುಲ್ಲಿನ ಕುಟುಂಬಕ್ಕೆ ಸೇರಿದುದಲ್ಲ. ಇದರ ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ಸ್ಪಷ್ಟವಾಗಿ ಕೈಗೆ ತಗಲುತ್ತವೆ; ಗಿಣ್ಣುಗಳಿಲ್ಲ. ಬುಡವನ್ನು ಮೆಲ್ಲಗೆ ಅಗೆದರಂತೂ, ದಾರದಷ್ಟು ತೆಳ್ಳನೆಯ ಬೇರುಕಾಂಡಗಳಲ್ಲಿ ಪೋಣಿಸಿಕೊಂಡ, ಕಪ್ಪು ಸಿಪ್ಪೆಯ, ಪರಿಮಳವುಳ್ಳ ಗೆಡ್ಡೆಗಳ ಮಾಲೆಯೇ ಹೊರಬರುತ್ತದೆ. ಆಯುರ್ವೇದದ ಮುಸ್ತಾ ಇದೇ; ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿಯೆಂದು ಮಾರುವುದೂ ಇದನ್ನೇ. ಔಷಧವಾಗಿ ಇಷ್ಟು ಗೌರವ ಪಡೆದ ಈ ಗೆಡ್ಡೆಯೇ ತೋಟಗಾರನ ಶ್ರಮವನ್ನು ನಿಷ್ಫಲಗೊಳಿಸುವುದು: ಎಲೆ ಹಿಡಿದೆಳೆದರೆ ಗಿಡ ಮಾತ್ರ ಕೈಗೆ ಬಂದು ಗೆಡ್ಡೆ ಮಣ್ಣಿನಲ್ಲಿಯೇ ಉಳಿಯುತ್ತದೆ, ಮಾಲೆ ತುಂಡಾದಾಗ, ಅದುವರೆಗೆ ಸುಪ್ತವಾಗಿದ್ದ ಗೆಡ್ಡೆಗಳೂ ಎಚ್ಚೆತ್ತು ಚಿಗುರತೊಡಗುತ್ತವೆ.

ಆದಕಾರಣ ಕೊನ್ನಾರಿಯನ್ನು ಗೆಲ್ಲತಕ್ಕ ಕಾಲವು ಹುಲ್ಲು ಹಾಸುವುದಕ್ಕೆ ಮುಂಚಿನದೇ ಹೊರತು ಅನಂತರದ್ದಲ್ಲ. ಬಹುಪಾಲು ಗೆಡ್ಡೆಗಳು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿಯೇ ಇರುವುದರಿಂದ, ಬೇಸಗೆಯಲ್ಲಿ ನೆಲವನ್ನು ಗೇಣುದ್ದ ಅಗೆದು, ಸಿಕ್ಕ ಗೆಡ್ಡೆಗಳನ್ನು ಆಯ್ದು ತೆಗೆದು, ಮಣ್ಣನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು. ಬಳಿಕ ನೀರು ಹಾಯಿಸಿ, ಅಳಿದುಳಿದವು ಮೊಳೆತ ಮೇಲೆ ಗೆಡ್ಡೆಸಹಿತ ಕಿತ್ತು, ಈ ಕ್ರಮವನ್ನು ಎರಡು ಮೂರು ಸಲ ಪುನರಾವರ್ತಿಸಬೇಕು. ಹಾಸು ಈಗಾಗಲೇ ಬೇರೂರಿದ್ದರೆ, ಚಿಗುರು ಮೇಲೆ ಬಂದ ಎರಡು ಮೂರು ವಾರಗಳೊಳಗೆ, ಅಂದರೆ ಅದು ಹೊಸ ಗೆಡ್ಡೆ ಕಟ್ಟುವ ಮೊದಲೇ, ಮೊನಚಾದ ಸಲಾಕೆಯಿಂದ ಆಳಕ್ಕೆ ಅಗೆದು ತೆಗೆಯುವ ಕೆಲಸವನ್ನು ಋತುವಿಡೀ ಬಿಡದೆ ನಡೆಸಬೇಕು. ಕಳೆನಾಶಕಗಳಲ್ಲಿ ಗ್ಲೈಫೋಸೇಟ್ ಕಳೆಯನ್ನೂ ಹಾಸನ್ನೂ ಭೇದವಿಲ್ಲದೆ ಕೊಲ್ಲುವುದರಿಂದ ಹಾಸಿನ ಮೇಲೆ ಸಿಂಪಡಿಸಲು ಅದು ಸಲ್ಲದು.

ಬೀಜದಿಂದ ಹುಟ್ಟುವ ವಾರ್ಷಿಕ ಹುಲ್ಲುಗಳ ಕಾಟ ಇಷ್ಟು ಕಠಿನವಲ್ಲ. ನಮ್ಮ ರಾಗಿಯ ಕುಲಕ್ಕೇ ಸೇರಿದ, ರಾಗಿಯಂತೆಯೇ ಬೆರಳು ಚಾಚಿದ ಸಣಕಲು ತೆನೆಯ ಕಾಡುಹುಲ್ಲೊಂದು ತುಳಿದು ಗಟ್ಟಿಯಾದ ಕಡೆಗಳಲ್ಲಿ ಬೇರೂರುತ್ತದೆ. ತೆನೆ ಬಲಿಯುವ ಮುನ್ನ ಕಿತ್ತು, ಆ ಜಾಗದ ಮಣ್ಣನ್ನು ಸಡಿಲಿಸಿದರೆ ಸಾಕು. ಸರಿಯಾಗಿ ಕಳಿಯದ ಕೊಟ್ಟಿಗೆಗೊಬ್ಬರದೊಡನೆ ಇಂತಹ ಬೀಜಗಳು ಬರುವುದುಂಟು. ಹಾಸನ್ನು ನೆಲಮಟ್ಟಕ್ಕೆ ಬೋಳಿಸುವ ಅಭ್ಯಾಸವನ್ನಂತೂ ಬಿಡಲೇಬೇಕು: ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಕತ್ತರಿಸಿದರೆ ಹುಲ್ಲು ಸೊರಗಿ, ಬಯಲಾದ ಮಣ್ಣಿಗೆ ಬಿಸಿಲು ತಾಗಿ, ಕಳೆಯ ಬೀಜಗಳೆಲ್ಲ ಮೊಳೆಯುವುವು. ನಿತ್ಯವೂ ಮೇಲುಮೇಲೆ ನೀರು ಚಿಮುಕಿಸುವುದಕ್ಕಿಂತ, ಅಂತರ ಕೊಟ್ಟು ಬೇರಿನಾಳಕ್ಕೆ ಇಳಿಯುವಂತೆ ಉಣಿಸುವುದು ಲೇಸು. ದಟ್ಟವಾಗಿ ಬೆಳೆದ ಹಾಸಿನ ನೆರಳಿನಲ್ಲಿ ಕೊನ್ನಾರಿಯೂ ಸೊರಗುತ್ತದೆ.

ಬರುವ ಮಳೆಗಾಲಕ್ಕೆ ಹೊಸದಾಗಿ ಹಾಸು ಹಾಕಿಸಬೇಕೆಂದಿರುವವರು ಯುಗಾದಿಯ ಹೊತ್ತಿಗೇ ಗುದ್ದಲಿ ಹಿಡಿಯಲಿ. ಹುಲ್ಲಿನ ಸುರುಳಿಗಳನ್ನು ಕೊಳ್ಳುವುದು ಆಮೇಲಿನ ಮಾತು.